ನಾನ್‌ವಾಂಗ್ ದಿಬ್ಬ: ಮಹಾ ಕಾಲುವೆಯ ನೆತ್ತಿಗೆ ನೀರು ತಂದ ಬಗೆ

ಚೀನಾದ ಮಹಾ ಕಾಲುವೆಯ ಮಾತು ಬಂದರೆ ಎಲ್ಲರೂ ಉದ್ದದ ಲೆಕ್ಕ ಹೇಳುತ್ತಾರೆ. ಬೀಜಿಂಗ್‌ನಿಂದ ಹಾಂಗ್‌ಝೌವರೆಗೆ ಸುಮಾರು 1,800 ಕಿ.ಮೀ.; ಮೊದಲ ತುಂಡು ಕ್ರಿ.ಪೂ. 486ರಲ್ಲಿ ವೂ ರಾಜ ಫುಚಾಯ್ ಯಾಂಗ್‌ಟ್ಸಿ ಮತ್ತು ಹ್ವಾಯ್ ನದಿಗಳ ನಡುವೆ ತೋಡಿಸಿದ್ದು, ಕ್ರಿ.ಶ. 605ರಿಂದ 610ರ ಒಳಗೆ ಸುಯಿ ದೊರೆ ಯಾಂಗ್ ಅದನ್ನು ಉತ್ತರಕ್ಕೂ ದಕ್ಷಿಣಕ್ಕೂ ಬೆಳೆಸಿದ್ದು. ಆದರೆ ಬಯಲಿನಲ್ಲಿ ಉದ್ದಕ್ಕೆ ಅಗೆಯುವುದಕ್ಕೆ ಬೇಕಾದದ್ದು ಆಳು, ಗುದ್ದಲಿ, ಕೂಳು. ಅವು ಅಲ್ಲಿನ ಸಾಮ್ರಾಜ್ಯಗಳಿಗೆ ಎಂದೂ ಕಡಿಮೆಯಾಗಲಿಲ್ಲ. ನಿಜವಾದ ತೊಡಕು ಶಾಂಡೋಂಗ್ ಪ್ರಾಂತ್ಯದ ನಡುವಿನ ಒಂದು ಉಬ್ಬು. ಕಾಲುವೆ ಅಲ್ಲಿ ಏರಿ ಇಳಿಯಬೇಕು. ಏರಿದ ಜಾಗದಲ್ಲಿ ನೀರಿಲ್ಲದಿದ್ದರೆ ಎರಡೂ ಕಡೆಯ ಅಗೆತ ದಂಡ.

ಆ ಉಬ್ಬಿನ ಹೆಸರು ನಾನ್‌ವಾಂಗ್, ವೆನ್‌ಶಾಂಗ್ ಸೀಮೆಯ ಒಂದು ಊರು. 1411ರಲ್ಲಿ ಅಲ್ಲಿ ಆದ ಕೆಲಸವೇ ಈ ಅಧ್ಯಯನದ ವಿಷಯ.

ಯುವಾನ್ ಕಾಲದ ಕಾಲುವೆ ಸೋತದ್ದು ಎಲ್ಲಿ

ಯುವಾನ್ ವಂಶದ ಮಂಗೋಲ್ ದೊರೆಗಳು ಇಂದಿನ ಬೀಜಿಂಗನ್ನು ರಾಜಧಾನಿ ಮಾಡಿಕೊಂಡ ಮೇಲೆ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರಲೇಬೇಕಾಯಿತು. ಸುಯಿ ಕಾಲದ ಕಾಲುವೆ ಪಶ್ಚಿಮಕ್ಕೆ ಲುವೊಯಾಂಗ್ ಸುತ್ತಿ ಬರುತ್ತಿತ್ತು, ಅಷ್ಟು ಬಳಸು ದಾರಿ ಬೇಡವೆಂದು ಶಾಂಡೋಂಗ್ ಸೀಳಿ ನೇರ ಹಾದಿ ಹಿಡಿದರು. 1283ರಲ್ಲಿ ಜೀನಿಂಗ್‌ನಿಂದ ಆನ್‌ಶಾನ್‌ವರೆಗಿನ ತುಂಡು, 1289ರಲ್ಲಿ ಆನ್‌ಶಾನ್‌ನಿಂದ ಲಿನ್‌ಚಿಂಗ್‌ವರೆಗೆ 250 ಲೀಗಿಂತ ಸ್ವಲ್ಪ ಹೆಚ್ಚಿನ ಹ್ವೀಟೋಂಗ್ ಕಾಲುವೆ ಮುಗಿದವು. ಎರಡು ಲೀ ಅಂದರೆ ಹತ್ತಿರಹತ್ತಿರ ಒಂದು ಕಿಲೋಮೀಟರ್. ಹ್ವೀಟೋಂಗ್ ತುಂಡಿಗೆ 31 ಗೇಟುಗಳನ್ನು ಕಟ್ಟಿದ್ದರು. ಕೆಲಸದಲ್ಲಿ ಕೊರತೆ ಇರಲಿಲ್ಲ.

ತಪ್ಪಿದ್ದು ನೀರು ಬಿಡುವ ಜಾಗ. ಮೌಂಟ್ ತಾಯ್ ಕಡೆಯಿಂದ ಇಳಿಯುವ ವೆನ್ ನದಿಗೆ ಗಾಂಗ್‌ಚೆಂಗ್‌ನಲ್ಲಿ ಒಡ್ಡು ಹಾಕಿ, ಗ್ವಾಂಗ್ ನದಿಯ ಪಾತ್ರದಲ್ಲಿ ನೀರನ್ನು ಜೀನಿಂಗ್‌ಗೆ ತಂದು, ಅಲ್ಲಿಂದ ಉತ್ತರಕ್ಕೂ ದಕ್ಷಿಣಕ್ಕೂ ಹಂಚುತ್ತಿದ್ದರು. ಜೀನಿಂಗ್ ದೊಡ್ಡ ಊರು, ಆಡಳಿತಕ್ಕೆ ಅನುಕೂಲ, ಒಡ್ಡಿನ ನೀರೂ ಅಲ್ಲಿಗೇ ಬರುತ್ತಿತ್ತು. ಆದರೆ ಉಬ್ಬಿನ ನೆತ್ತಿ ಜೀನಿಂಗ್ ಅಲ್ಲ, ಅದರ ಉತ್ತರಕ್ಕಿರುವ ನಾನ್‌ವಾಂಗ್. ಜೀನಿಂಗ್‌ನಲ್ಲಿ ಬಿಟ್ಟ ನೀರು ದಕ್ಷಿಣಕ್ಕೆ ಸರಾಗವಾಗಿ ಓಡಿತು. ಉತ್ತರಕ್ಕೆ ಹೋಗಬೇಕಾದದ್ದು ಏರು ಹತ್ತಬೇಕಾಗಿ ಬಂದು ನಿಂತಿತು. ನಾನ್‌ವಾಂಗ್ ಸುತ್ತಮುತ್ತ ದೋಣಿಯ ತಳ ನೆಲಕ್ಕೆ ಉಜ್ಜುವಷ್ಟೇ ನೀರು.

ಇದರ ಗುರುತು ಆ ಕಾಲದ ನಿಯಮಗಳಲ್ಲೇ ಸಿಗುತ್ತದೆ. ಕಾಲುವೆಗೆ 150 ಲಿಯಾವ್ ಮೀರಿದ ದೋಣಿ ಬರಬಾರದೆಂದು ಆಜ್ಞೆಯಾಯಿತು (ಲಿಯಾವ್ ಎಂಬುದು ದೋಣಿಯ ಗಾತ್ರ ಹೇಳುವ ಅಳತೆ). ಹಣವುಳ್ಳ ವರ್ತಕರು ಕಿವಿಗೊಡಲಿಲ್ಲ. ಅಗಲ 9 ಚಿ, ಅಂದರೆ ಮೂರು ಮೀಟರಿಗೂ ಕಡಿಮೆ ಇರುವ ಕಿರುಗೇಟು ಕಟ್ಟಿ ದೊಡ್ಡ ದೋಣಿಗಳನ್ನು ತಡೆದರು. ವರ್ತಕರು ಅಗಲ ಹಾಗೇ ಇಟ್ಟು ಉದ್ದ ಹೆಚ್ಚಿಸಿದರು: 80, 90 ಚಿ ಉದ್ದದ ದೋಣಿಗಳು ಬಂದು ತಿರುವುಗಳಲ್ಲಿ ಸಿಕ್ಕಿಹಾಕಿಕೊಂಡವು. ಕೊನೆಗೆ 1327ರಲ್ಲಿ ಗೇಟಿನ ಕೆಳಗೆ 65 ಚಿ ಅಂತರದಲ್ಲಿ ಎರಡು ಅಳತೆಗಲ್ಲು ನೆಟ್ಟು, ಅವುಗಳ ನಡುವೆ ಹಿಡಿಸುವ ದೋಣಿಗೆ ಮಾತ್ರ ಒಳಗೆ ದಾರಿ ಎಂದು ಗೊತ್ತುಮಾಡಿದರು. ಕಲ್ಲು ನೆಟ್ಟು ದೋಣಿ ಅಳೆಯುವ ಹಂತಕ್ಕೆ ಆಡಳಿತ ಬಂದಿದೆ ಅಂದರೆ ಕೊರತೆ ದೋಣಿಯದಲ್ಲ, ನೀರಿನದು.

ಹಾಗಾಗಿ ಯುವಾನ್ ಕಾಲದ ಅಕ್ಕಿ ಮುಖ್ಯವಾಗಿ ಸಮುದ್ರದ ಮೇಲೇ ಸಾಗಿತು. 1329ರಲ್ಲಿ ಸಮುದ್ರ ಮಾರ್ಗದಲ್ಲಿ 35 ಲಕ್ಷ ಶೀ ಧಾನ್ಯ ಹೋಯಿತು (ಒಂದು ಶೀ ಸುಮಾರು ನೂರು ಲೀಟರ್ ಅಳತೆ). ಶಾಂಡೋಂಗ್ ಕಾಲುವೆಯ ಪಾಲು ವರ್ಷಕ್ಕೆ ಕೆಲವು ಲಕ್ಷ ಶೀ ಅಷ್ಟೇ.

1391ರಲ್ಲಿ ಹಳದಿ ನದಿ ಯುವಾನ್‌ವು ಬಳಿ ದಂಡೆ ಒಡೆದು ನುಗ್ಗಿ ಇದ್ದ ಕಾಲುವೆಯನ್ನೂ ಹೂಳಿನಿಂದ ಮುಚ್ಚಿತು. ಮಿಂಗ್ ದೊರೆ ಯೋಂಗ್‌ಲೆ ರಾಜಧಾನಿಯನ್ನು ಬೀಜಿಂಗ್‌ಗೆ ಒಯ್ಯಲು ಸಿದ್ಧನಾಗುವಾಗ ಇದ್ದದ್ದು ಎರಡೇ ದಾರಿ. ಒಂದು ಬಿರುಗಾಳಿಯ ಸಮುದ್ರ. ಇನ್ನೊಂದರಲ್ಲಿ ಹಳದಿ ನದಿಯ ಯಾಂಗ್‌ವುವರೆಗೆ ದೋಣಿ, ಅಲ್ಲಿ ಇಳಿಸಿ 170 ಲೀ ಬಂಡಿಯಲ್ಲಿ ಎಳೆತ, ಮತ್ತೆ ವೆಯ್ ನದಿಯಲ್ಲಿ ದೋಣಿ. ಎರಡು ಸಲ ಇಳಿಸಿ ಏರಿಸುವ ಧಾನ್ಯದಲ್ಲಿ ಸೋರಿಕೆ ಎಷ್ಟು, ಬಂಡಿ ಎಳೆಯಲು ಬಿಟ್ಟಿ ಹಿಡಿದ ರೈತರ ಗೋಳೆಷ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1411: ನೆತ್ತಿಯಿಂದ ಹಿಂದಕ್ಕೆ ಲೆಕ್ಕ

ಹಳೆಯ ಕಾಲುವೆಯ 450 ಲೀ ಉದ್ದದಲ್ಲಿ ಹೂಳು ತುಂಬಿರುವುದು ಮೂರರಲ್ಲಿ ಒಂದು ಪಾಲು ಮಾತ್ರ, ತೆಗೆದರೆ ಲಾಭವಿದೆ ಎಂದು ಜೀನಿಂಗ್‌ನ ಅಧಿಕಾರಿ ಪಾನ್ ಶುಝೆಂಗ್ ಬರೆದು ಕಳಿಸಿದ. ಕಾಮಗಾರಿ ಇಲಾಖೆಯ ಮಂತ್ರಿ ಸೋಂಗ್ ಲೀ ಕೆಲಸ ವಹಿಸಿಕೊಂಡ. 1,65,000 ಕೂಲಿಯಾಳುಗಳು, ಇಪ್ಪತ್ತು ‘ದಶದಿನ’, ಅಂದರೆ 200 ದಿನ. ಇಷ್ಟರಲ್ಲಿ ಪಾತ್ರ ತೆರವಾಯಿತು. ಆದರೆ ಹೂಳೆತ್ತಿದ ಮಾತ್ರಕ್ಕೆ ಯುವಾನ್ ಕಾಲದ ತೊಡಕು ಹೋಗುವುದಿಲ್ಲ. ಇಲ್ಲಿ ಬರುವವನು ಬಾಯ್ ಯಿಂಗ್. ಪದವಿ ಪಡೆದ ಅಧಿಕಾರಿಯಲ್ಲ, ವೆನ್‌ಶಾಂಗ್ ಸೀಮೆಯ ಊರ ಹಿರಿಯ, ಆ ನೆಲದ ಏರುತಗ್ಗು ಬಲ್ಲವನು.

ಅವನ ಸಲಹೆಯ ತಿರುಳು ಇಷ್ಟು. ನೀರು ಸಿಗುವ ಜಾಗದಿಂದ ಹೊರಟು ಕಾಲುವೆಗೆ ತರಬೇಡಿ. ಕಾಲುವೆಯ ಅತಿ ಎತ್ತರದ ಜಾಗ ಮೊದಲು ಗುರುತಿಸಿ, ಅದಕ್ಕಿಂತ ಎತ್ತರದಲ್ಲಿ ನದಿ ಎಲ್ಲಿ ಸಿಗುತ್ತದೆಂದು ಹಿಂದಕ್ಕೆ ಹುಡುಕಿ. ನೆತ್ತಿ ನಾನ್‌ವಾಂಗ್. ಅದಕ್ಕಿಂತ ಎತ್ತರದಲ್ಲಿ ವೆನ್ ನದಿ ಹಿಡಿಯಲು ಸಿಗುವ ಜಾಗ ಈಶಾನ್ಯಕ್ಕಿರುವ ದಾಯ್‌ಚುನ್. ಅಲ್ಲಿ 5 ಲೀ ಉದ್ದದ ಒಡ್ಡು ಹಾಕಿದರು, ಗಾಂಗ್‌ಚೆಂಗ್‌ನ ಹಳೆಯ ಒಡ್ಡನ್ನು ಗಟ್ಟಿ ಮಾಡಿ ಜೀನಿಂಗ್ ಕಡೆಗಿನ ಹಾದಿ ಮುಚ್ಚಿದರು. ವೆನ್ ನದಿಗೆ ದಕ್ಷಿಣಕ್ಕೆ ಗ್ವಾಂಗ್ ಸೇರುವ ದಾರಿಯೂ ಉಳಿಯಲಿಲ್ಲ, ತನ್ನ ಹಳೆಯ ಪಾತ್ರದಲ್ಲಿ ಸಮುದ್ರ ಸೇರುವ ದಾರಿಯೂ ಉಳಿಯಲಿಲ್ಲ. ಉಳಿದದ್ದು ‘ಕಿರಿ ವೆನ್’ ಎಂಬ ನಾಲೆ, ಡೊಂಕುಡೊಂಕಾಗಿ ನಾನ್‌ವಾಂಗ್‌ವರೆಗೆ.

ನಾನ್‌ವಾಂಗ್‌ನಲ್ಲಿ ನಾಲೆ ಕಾಲುವೆಯನ್ನು ಪೂರ್ವದಿಂದ ನೆಟ್ಟಗೆ ಬಂದು ಕೂಡುತ್ತದೆ. ರಭಸದ ನೀರು ಎದುರು ದಂಡೆಗೆ ಬಡಿದರೆ ದಂಡೆ ಕುಸಿಯುತ್ತದೆ. ಆದ್ದರಿಂದ ಪಶ್ಚಿಮದ ದಂಡೆಗೆ ಉದ್ದಕ್ಕೂ ಕಲ್ಲಿನ ಕಟ್ಟಡ. ನೀರು ಬಡಿಯುವ ಜಾಗದಲ್ಲಿ ಮೀನಿನ ಮೂತಿಯ ಹಾಗೆ ಮುಂದಕ್ಕೆ ಚಾಚಿದ ಕಲ್ಲು ಹರಿವನ್ನು ಎರಡಾಗಿ ಸೀಳುತ್ತಿತ್ತು. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ತಂಡ ಈ ಹಾದಿಯಲ್ಲಿ ದಕ್ಷಿಣಕ್ಕೆ ಹೋದಾಗ ಜಾರ್ಜ್ ಸ್ಟಾಂಟನ್ ಇದನ್ನೇ ಬರೆದುಕೊಂಡ: ಇಲ್ಲಿ ಒಂದು ಹೊರೆ ಕಡ್ಡಿ ಎಸೆದರೆ ಅರ್ಧ ಉತ್ತರಕ್ಕೆ, ಅರ್ಧ ದಕ್ಷಿಣಕ್ಕೆ ತೇಲುತ್ತವೆ ಎಂಬ ಮಾತು ವಿಚಿತ್ರವಾಗಿ ಕೇಳಿಸಿದರೂ ಎದುರಿನ ಕಲ್ಲುದಂಡೆ ನೋಡಿದರೆ ಕಾರಣ ತಿಳಿಯುತ್ತದೆ ಎಂದು.

ಹಂಚಿಕೆ ಎಷ್ಟೆಷ್ಟು? ‘ಏಳು ಪಾಲು ಚಕ್ರವರ್ತಿಗೆ, ಮೂರು ಪಾಲು ದಕ್ಷಿಣಕ್ಕೆ’ ಎಂಬ ಗಾದೆ ಇಂದಿಗೂ ಪ್ರವಾಸಿ ಫಲಕಗಳಲ್ಲಿ ಸಿಗುತ್ತದೆ. ಮಿಂಗ್ ವಂಶದ ಅಧಿಕೃತ ಇತಿಹಾಸ ಹೇಳುವುದು ಉತ್ತರಕ್ಕೆ ಆರು, ದಕ್ಷಿಣಕ್ಕೆ ನಾಲ್ಕು. ಈ ಜಗಳದಲ್ಲಿ ಗೆಲ್ಲುವವರಿಲ್ಲ, ಯಾಕೆಂದರೆ ಪಾಲು ನಿರ್ಧರಿಸುತ್ತಿದ್ದದ್ದು ಕಲ್ಲಿನ ಮೂತಿಗಿಂತ ಹೆಚ್ಚಾಗಿ ಆಮೇಲೆ ಎರಡೂ ಕಡೆ ಬಂದ ಗೇಟುಗಳು: ದಕ್ಷಿಣಕ್ಕೆ ಲಿಯುಲಿನ್, ಉತ್ತರಕ್ಕೆ ಶಿಲಿ. ಉತ್ತರದಲ್ಲಿ ನೀರು ಬತ್ತಿದರೆ ಲಿಯುಲಿನ್ ಮುಚ್ಚಿ ಶಿಲಿ ತೆರೆದರು. ದಕ್ಷಿಣದಲ್ಲಿ ಬತ್ತಿದರೆ ಇದರ ತಿರುವುಮುರುವು. ಒಟ್ಟು ನೀರನ್ನೇ ಒಂದು ಕಡೆಗೆ ದೂಡಲು ಬರುವಾಗ ಏಳು ಮೂರರ ಲೆಕ್ಕ ಬರೀ ಸರಾಸರಿಯ ಮಾತು.

ದಕ್ಷಿಣದ ಸಂಗತಿ ಇನ್ನೊಂದಿದೆ. ಆ ಕಡೆ ಬೇರೆ ನದಿ, ಊಟೆಗಳ ನೀರು ದಾರಿಯಲ್ಲಿ ಕೂಡಿಕೊಳ್ಳುತ್ತದೆ, ಉತ್ತರಕ್ಕೆ ಲಿನ್‌ಚಿಂಗ್‌ನಲ್ಲಿ ವೆಯ್ ನದಿ ಸಿಗುವವರೆಗೆ ಹೇಳಿಕೊಳ್ಳುವಂಥ ನೀರಿಲ್ಲ. ದೊಡ್ಡ ಪಾಲು ಉತ್ತರಕ್ಕೆ ಹೋದದ್ದು ರಾಜಭಕ್ತಿಯಿಂದಲ್ಲ.

ಮೆಟ್ಟಿಲುಗಳು

ಮಿಂಗ್ ಇತಿಹಾಸದ ಪ್ರಕಾರ ನಾನ್‌ವಾಂಗ್‌ನಿಂದ ಉತ್ತರಕ್ಕೆ ಲಿನ್‌ಚಿಂಗ್‌ವರೆಗೆ ನೆಲ 90 ಚಿ ಇಳಿಯುತ್ತದೆ, ಅದಕ್ಕೆ 17 ಗೇಟು. ದಕ್ಷಿಣಕ್ಕೆ ಗುಟೋವರೆಗೆ 116 ಚಿ, 21 ಗೇಟು. ಒಟ್ಟು 38.

ಒಂದೊಂದು ಗೇಟೂ ಸರಳ. ಎರಡು ಬದಿ ಕಲ್ಲಿನ ಗೋಡೆ, ಎದುರುಬದುರಾಗಿ ಕೊರೆದ ನೇರ ಜಾಡು, ಆ ಜಾಡುಗಳಲ್ಲಿ ಒಂದರ ಮೇಲೊಂದು ಇಳಿಬಿಡುವ ದಪ್ಪ ಮರದ ಹಲಗೆಗಳು. ನೀರಿನ ಮಟ್ಟವನ್ನು ಹೇಳುತ್ತಿದ್ದದ್ದೂ ಹಲಗೆಯ ಲೆಕ್ಕದಲ್ಲೇ. ಆರೇಳು ಹಲಗೆ ನೀರು ನಿಲ್ಲುವ ತನಕ ಗೇಟು ತೆರೆಯಬಾರದು, ದೋಣಿಗಳು ಸಾಲುಗಟ್ಟಿ ಬಂದಮೇಲೆ ಒಟ್ಟಿಗೆ ಬಿಡಬೇಕು ಎಂಬುದು ಕಟ್ಟಳೆ. ಅರಮನೆಗೆ ತಾಜಾ ಹಣ್ಣು, ಮೀನು ಒಯ್ಯುವ ದೋಣಿಗೆ ಮಾತ್ರ ವಿನಾಯಿತಿ. ಮೇಲಿನ ಗೇಟು ತೆರೆಯುವಾಗ ಕೆಳಗಿನದು ಮುಚ್ಚಿರಬೇಕು, ಕೆಳಗಿನದು ತೆರೆಯುವಾಗ ಮೇಲಿನದು.

ಈ ಕಟ್ಟಳೆ ಯಾಕೆ ಅಷ್ಟು ಬಿಗಿ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಬಹುದು. ಎರಡು ಗೇಟುಗಳ ನಡುವೆ 10 ಲೀ, ಸುಮಾರು 5 ಕಿ.ಮೀ.; ಕಾಲುವೆಯ ಅಗಲ 15 ಮೀಟರ್ ಎಂದಿಟ್ಟುಕೊಳ್ಳಿ. ಆ ತುಂಡಿನಲ್ಲಿ ನೀರು ಒಂದೇ ಒಂದು ಚಿ (ಸುಮಾರು 32 ಸೆಂ.ಮೀ.) ಇಳಿದರೆ ಹೋಗುವ ನೀರು 24,000 ಘನ ಮೀಟರ್. ಅದೇ ಎರಡು ಗೇಟುಗಳು 75 ಮೀಟರ್ ಅಂತರದಲ್ಲಿದ್ದರೆ ಅಷ್ಟೇ ಇಳಿತಕ್ಕೆ ಹೋಗುವುದು ಬರೀ 360 ಘನ ಮೀಟರ್. ಹತ್ತಿರ ಹತ್ತಿರ ಎರಡು ಗೇಟು ಇಡುವ ಈ ಉಪಾಯ ಚೀನಾಕ್ಕೆ ಗೊತ್ತಿರಲಿಲ್ಲವೆಂದಲ್ಲ. 984ರಲ್ಲೇ ಚಿಯಾವ್ ವೆಯ್‌ಯುವೆ ಹ್ವಾಯ್ ನದಿ ಬದಿಯ ಕಾಲುವೆಯಲ್ಲಿ 50 ಹೆಜ್ಜೆ ಅಂತರದ ಜೋಡಿ ಗೇಟು ಕಟ್ಟಿದ್ದ. ಅಲ್ಲಿ ಇಳಿಜಾರಿನ ಮೇಲೆ ದೋಣಿ ಎಳೆಯುವಾಗ ದೋಣಿ ಒಡೆಯುತ್ತಿತ್ತು, ಆ ಗಲಾಟೆಯಲ್ಲಿ ಧಾನ್ಯವೂ ಕಳುವಾಗುತ್ತಿತ್ತು. ಆದರೂ ಶಾಂಡೋಂಗ್‌ನಲ್ಲಿ ಹೆಚ್ಚಿನವು ದೂರ ದೂರದ ಒಂಟಿ ಗೇಟುಗಳೇ. ಇಳಿಜಾರು ಉದ್ದಕ್ಕೆ ಹರಡಿದ್ದರಿಂದ ಕೆಲಸ ನಡೆಯಿತು, ಆದರೆ ನೀರಿನ ಖರ್ಚನ್ನು ಉಳಿಸಿದ್ದು ಶಿಸ್ತು ಮಾತ್ರ. ಆ ಶಿಸ್ತು ಮುರಿಯುತ್ತಿದ್ದವರು ಕಳ್ಳರಲ್ಲ, ದೊಡ್ಡ ಅಧಿಕಾರಿಗಳು. ತಮ್ಮ ದೋಣಿ ಬಂದ ಕೂಡಲೇ ಗೇಟು ತೆರೆ ಎಂದು ಗೇಟಿನವರನ್ನು ಗದರಿಸುವುದು ಎಷ್ಟು ಮಾಮೂಲಾಗಿತ್ತೆಂದರೆ ಅದನ್ನು ತಡೆಯಲು ನಿಯಮಗಳನ್ನೇ ಬರೆಯಬೇಕಾಯಿತು.

ಕೆರೆಗಳು, ಊಟೆಗಳು, ರೈತರು

ವೆನ್ ನದಿ ಮಳೆಗಾಲದ ನದಿ. ಜುಲೈ, ಆಗಸ್ಟ್‌ನಲ್ಲಿ ಕೆಂಪಾಗಿ ಉಕ್ಕುತ್ತದೆ, ವಸಂತದಲ್ಲಿ ಮರಳು ಕಾಣುತ್ತದೆ. ಅಕ್ಕಿ ದೋಣಿಗಳು ಉತ್ತರಕ್ಕೆ ಹೊರಡುವುದೋ ವಸಂತದಲ್ಲಿ. ಅಗತ್ಯ ಮತ್ತು ಆದಾಯ ಎರಡೂ ಬೇರೆ ಬೇರೆ ತಿಂಗಳಲ್ಲಿ. ಇದನ್ನು ಸರಿದೂಗಿಸಲು ಕಾಲುವೆ ಬದಿಯ ತಗ್ಗುಗಳಿಗೆ ಏರಿ ಹಾಕಿ ಕೆರೆ ಮಾಡಿದರು. ಚೀನೀಯರು ‘ನೀರಿನ ಪೆಟ್ಟಿಗೆ’ ಎಂದರು. ನಾನ್‌ವಾಂಗ್ ಕೆರೆಯ ನಡುವೆಯೇ ಕಾಲುವೆ ಹಾದು ಅದು ಹೋಳಾಯಿತು. ಪಶ್ಚಿಮದ್ದು ನಾನ್‌ವಾಂಗ್ ಪಶ್ಚಿಮ ಕೆರೆ. ಪೂರ್ವದ್ದನ್ನು ಕಿರಿ ವೆನ್ ಮತ್ತೆ ಸೀಳಿತು: ಉತ್ತರಕ್ಕೆ ಮಾತಾ, ದಕ್ಷಿಣಕ್ಕೆ ಶುಶಾನ್. ಇನ್ನೂ ಉತ್ತರಕ್ಕೆ ಆನ್‌ಶಾನ್, ಜೀನಿಂಗ್ ಕಡೆಗೆ ಮಾಚಾಂಗ್.

ಇವೆಲ್ಲ ಒಂದೇ ತೂಕದವಲ್ಲ. ಪಶ್ಚಿಮದ ಕೆರೆಯ ನೆಲ ತಗ್ಗು. ಕಾಲುವೆ ತುಂಬಿದಾಗ ಹೆಚ್ಚಿನ ನೀರು ಅಲ್ಲಿಗೆ ಕೋಡಿ ಬೀಳಬಹುದು, ಆದರೆ ಬರಗಾಲದಲ್ಲಿ ವಾಪಸು ಬರುವುದು ಕಷ್ಟ. ನಿಜವಾಗಿ ಆಪತ್ತಿಗೆ ಆದವು ಎತ್ತರದಲ್ಲಿದ್ದ ಪೂರ್ವದ ಕೆರೆಗಳು, ಅದರಲ್ಲೂ ಶುಶಾನ್.

ಜೊತೆಗೆ ಮೌಂಟ್ ತಾಯ್ ಸುತ್ತಲಿನ ಊಟೆಗಳು. ನೂರಾರು ಊಟೆಗಳಿಗೆ ಹೆಸರಿಟ್ಟು, ಪಟ್ಟಿ ಮಾಡಿ, ಹೂಳು ತೆಗೆಯಲು ಆಳು ನೇಮಿಸಿ, ಎಲ್ಲವನ್ನೂ ವೆನ್ ಮತ್ತಿತರ ತೊರೆಗಳಿಗೆ ತಿರುಗಿಸಿದರು. ಆ ನೀರನ್ನು ಗದ್ದೆಗೆ ಹಾಯಿಸುವಂತಿಲ್ಲ. ನಾನ್‌ವಾಂಗ್, ಶುಶಾನ್, ಆನ್‌ಶಾನ್ ಕೆರೆಗಳ ಏರಿ ಒಡೆದವರಿಗೆ, ಮುಂದಾಳುಗಳಾದರೆ, ಗಡಿಪಾರಾಗಿ ಸೈನ್ಯದ ಚಾಕರಿ. ಕಾಲುವೆಯ ಮಹತ್ವ ಹೊಗಳುವಾಗ ಈ ಮಾತು ಬಿಟ್ಟುಹೋಗುತ್ತದೆ: ರಾಜಧಾನಿಯ ಅನ್ನಕ್ಕಾಗಿ ಪಶ್ಚಿಮ ಶಾಂಡೋಂಗ್‌ನ ರೈತ ತನ್ನ ಹೊಲದ ಪಕ್ಕದ ನೀರನ್ನು ಮುಟ್ಟುವಂತಿರಲಿಲ್ಲ, ಮಳೆಗಾಲದಲ್ಲಿ ಕಾಲುವೆಯ ಏರಿ ತಡೆದ ನೀರು ಅವನ ಹೊಲದಲ್ಲೇ ನಿಲ್ಲುತ್ತಿತ್ತು. ಅವನು ಸೇಡು ತೀರಿಸಿಕೊಂಡದ್ದು ನಿಧಾನವಾಗಿ. ಕೆರೆಯ ಅಂಗಳ ಒಣಗಿದ ಕಡೆ ಉತ್ತು ಬಿತ್ತಿದ, ವರ್ಷವರ್ಷ ಒಂದಿಷ್ಟು ಒಳಗೆ ಸರಿದ. ಮಿಂಗ್ ನಂತರದ ಕ್ವಿಂಗ್ ವಂಶದ ಕಾಲದ ಹೊತ್ತಿಗೆ ಆನ್‌ಶಾನ್ ಕೆರೆ ಹೂಳು ತುಂಬಿ ಬಹುತೇಕ ಹೊಲವಾಗಿತ್ತು.

ಮರಳು

ಸೋಂಗ್ ಲೀ, ಬಾಯ್ ಯಿಂಗ್ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಅದರ ಗೆಲುವಿನಲ್ಲೇ ಇತ್ತು. ನದಿಯನ್ನು ನೆತ್ತಿಗೆ ತಂದರೆ ನದಿಯ ಮರಳೂ ನೆತ್ತಿಗೆ ಬರುತ್ತದೆ. ಅಲ್ಲಿ ಹರಿವು ಎರಡಾಗಿ ವೇಗ ಕುಗ್ಗುತ್ತದೆ, ಮರಳು ಕೆಳಗೆ ಕೂರುತ್ತದೆ. ಕೂತದ್ದು ಕಾಲುವೆಯ ಅತಿ ಎತ್ತರದ, ಅತಿ ಕಡಿಮೆ ಆಳದ ಜಾಗದಲ್ಲಿ.

ಮೊದಲ ದಾಯ್‌ಚುನ್ ಒಡ್ಡು ಮಣ್ಣಿನದು. ಅದರ ಪಕ್ಕದಲ್ಲೇ ಕಾನ್‌ಹೆ ಬಾಯಿಯಲ್ಲಿ ಮರಳಿನ ತಡೆ. ಬೇಸಿಗೆಯಲ್ಲಿ ಅದು ನೀರನ್ನು ತಡೆದು ನಾನ್‌ವಾಂಗ್‌ಗೆ ಕಳಿಸುತ್ತದೆ. ದೊಡ್ಡ ಪ್ರವಾಹ ಬಂದಾಗ ಕೊಚ್ಚಿಹೋಗಿ ಹೆಚ್ಚಿನ ನೀರನ್ನೂ ಮರಳನ್ನೂ ನದಿಯ ಹಳೆಯ ಪಾತ್ರದ ಮೂಲಕ ಸಮುದ್ರಕ್ಕೆ ಬಿಡುತ್ತದೆ. ಮಳೆ ಮುಗಿದ ಮೇಲೆ ಮತ್ತೆ ಗುಡ್ಡೆ ಹಾಕಬೇಕು. ನೋಡಲು ಬಡ ಕೆಲಸ. ಆದರೆ ಕೊಚ್ಚಿಹೋಗಬೇಕಾದ ಭಾಗವನ್ನು ಗೊತ್ತುಮಾಡಿ ಬಿಟ್ಟದ್ದು ಜಾಣತನ. ವರ್ಷವರ್ಷದ ಕೂಲಿ ಉಳಿಸಲು 1573ರಲ್ಲಿ ವಾನ್ ಗೋಂಗ್ ಅಲ್ಲಿ ಕಲ್ಲು ಹೇರಿಸಿದ, ಆಮೇಲೆ ಹಳದಿ ನದಿಯ ಕೆಲಸಕ್ಕೆ ಹೆಸರಾದ ಪಾನ್ ಜಿಶುನ್ ಕಲ್ಲಿನ ಒಡ್ಡನ್ನೇ ಕಟ್ಟಿದ. ಇಂದು ನಿಂತಿರುವ ಮುಖ್ಯ ಕಲ್ಲಿನ ಒಡ್ಡು 437.5 ಮೀಟರ್ ಉದ್ದ, ಮೂರು ತುಂಡು. ಮೂರರ ನೆತ್ತಿಮಟ್ಟವೂ ಬೇರೆ ಬೇರೆ, ನೀರು ಏರಿದಂತೆ ಒಂದಾದ ಮೇಲೊಂದು ಕೋಡಿ ಬೀಳುತ್ತವೆ. ಪ್ರವಾಹದ ಪೂರ್ತಿ ಹೊಡೆತ ಒಂದೇ ಕಡೆ ಬೀಳುವುದಿಲ್ಲ.

ಕ್ವಿಂಗ್ ಕಾಲದಲ್ಲಿ, 18ನೇ ಶತಮಾನದ ಮೊದಲ ಭಾಗದಲ್ಲಿ, ಇನ್ನಷ್ಟು ನೀರಿನ ಆಸೆಗೆ ಒಡ್ಡನ್ನು ಎತ್ತರಿಸಿದರು. ನೀರು ಸಿಕ್ಕಿತು, ಹಿಂದೆಯೇ ಪ್ರವಾಹ ಮತ್ತು ಮರಳು ಎರಡೂ ನಾನ್‌ವಾಂಗ್‌ಗೆ ಬಂದವು. ಮತ್ತೆ ತಗ್ಗಿಸಬೇಕಾಯಿತು. ಕೋಡಿಯ ಎತ್ತರ ಒಂದು ಅಡಿ ಹೆಚ್ಚಿಸುವುದು ಹೂಳಿನ ಖರ್ಚು ಹೆಚ್ಚಿಸುವುದೂ ಹೌದು ಎಂಬುದು ಕೆರೆ ನೋಡಿಕೊಂಡ ಯಾವ ನೀರುಗಂಟಿಗಾದರೂ ಗೊತ್ತಿರುವ ಮಾತು.

ನಾನ್‌ವಾಂಗ್‌ನಲ್ಲಿ ಉಳಿದ ಉಪಾಯ ಗುದ್ದಲಿ. ವರ್ಷವರ್ಷ ಸಣ್ಣ ಹೂಳೆತ್ತು, ಎರಡು ಮೂರು ವರ್ಷಕ್ಕೊಮ್ಮೆ ದೊಡ್ಡದು. ದೋಣಿ ಸಂಚಾರ ನಿಲ್ಲುವ ಚಳಿಗಾಲದಲ್ಲಿ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಒಡ್ಡು ಹಾಕಿ, ನೀರನ್ನು ಕೆರೆಗೆ ತಿರುಗಿಸಿ, ತಳ ಒಣಗಿಸಿ ಅಗೆಯುವುದು. ತೆಗೆದ ಮಣ್ಣನ್ನು ಹತ್ತಿರದ ದಂಡೆಗೇ ಸುರಿದದ್ದರಿಂದ ದಂಡೆ ಗುಡ್ಡಗಳಾದವು. ಮಳೆ ಬಂದಾಗ ಅದೇ ಮಣ್ಣಿನ ಒಂದಿಷ್ಟು ಪಾಲು ಮತ್ತೆ ಕೆಳಗೆ.

ಫಲ, ಮತ್ತು ಮುರಿದದ್ದು

ಇಷ್ಟೆಲ್ಲ ಕಾಟದ ನಡುವೆಯೂ ವ್ಯವಸ್ಥೆ ನಡೆಯಿತು. 1415ರಲ್ಲಿ ಸಮುದ್ರದ ಧಾನ್ಯ ಸಾಗಣೆ ನಿಲ್ಲಿಸಿದರು. 1472ರಲ್ಲಿ ವರ್ಷದ ಧಾನ್ಯವನ್ನು 40 ಲಕ್ಷ ಶೀ ಎಂದು ನಿಗದಿ ಮಾಡಿದರು. ಹನ್ನೊಂದು ಸಾವಿರಕ್ಕೂ ಹೆಚ್ಚು ಚಪ್ಪಟೆ ತಳದ ದೋಣಿಗಳು, ಅವನ್ನು ನಡೆಸಲು ಲಕ್ಷಕ್ಕೂ ಮೀರಿದ ಸೈನಿಕರು. ಲಿನ್‌ಚಿಂಗ್, ಜೀನಿಂಗ್ ಪೇಟೆಗಳು ಈ ದೋಣಿಗಳಿಂದಲೇ ಬೆಳೆದವು. ನಾನ್‌ವಾಂಗ್‌ನ ದಂಡೆಯ ಮೇಲೆ ನಾಗರಾಜನ ಗುಡಿ ಎದ್ದಿತು, ಅದರ ಆವರಣದಲ್ಲಿ ಸೋಂಗ್ ಲೀಗೂ ಬಾಯ್ ಯಿಂಗ್‌ಗೂ ಗುಡಿಗಳಾದವು.

ಹಳದಿ ನದಿಯ ಕಾಟ ಬೇರೆಯೇ. ಮಿಂಗ್ ಕಾಲದ ಬಹುಭಾಗ ಶುಝೌನಿಂದ ದಕ್ಷಿಣಕ್ಕೆ ದೋಣಿಗಳು ಆ ನದಿಯ ಪಾತ್ರದಲ್ಲೇ ಹೋಗಬೇಕಿತ್ತು. 1604ರಲ್ಲಿ ಜಿಯಾ ಕಾಲುವೆ, 1688ರಲ್ಲಿ ಝೋಂಗ್ ಕಾಲುವೆ ತೋಡಿ ಅದನ್ನು ಬಹುಮಟ್ಟಿಗೆ ಬದಿಗೆ ಸರಿಸಿದರು. 1855ರಲ್ಲಿ ನದಿ ತಾನೇ ಬಂತು. ಹೆನಾನ್‌ನ ತೋಂಗ್‌ವಾಶಿಯಾಂಗ್‌ನಲ್ಲಿ ದಂಡೆ ಒಡೆದು ಉತ್ತರಕ್ಕೆ ತಿರುಗಿ, ವೆನ್ ನೀರು ಹಿಂದೆ ಸಮುದ್ರ ಸೇರುತ್ತಿದ್ದ ದಾಚಿಂಗ್ ಪಾತ್ರವನ್ನೇ ಹಿಡಿಯಿತು. ದಾರಿಯಲ್ಲಿ ಶಾಂಡೋಂಗ್ ಕಾಲುವೆಯನ್ನು ಅಡ್ಡ ಕತ್ತರಿಸಿತು. ನಾನ್‌ವಾಂಗ್‌ನಿಂದ ಉತ್ತರಕ್ಕೆ ಬಿಟ್ಟ ನೀರು ಹಳದಿ ನದಿಯವರೆಗೆ ಮಾತ್ರ. ಆಚೆಗೆ ಲಿನ್‌ಚಿಂಗ್‌ವರೆಗೆ ನೀರಿನ ಮೂಲವೇ ಇಲ್ಲ. ಅಷ್ಟರಲ್ಲಿ ಹಬೆ ಹಡಗು ಬಂದಿತ್ತು. 1901ರಲ್ಲಿ ಧಾನ್ಯ ಸಾಗಣೆಯ ಪದ್ಧತಿಯೇ ಮುಗಿಯಿತು, 1912ರ ಹೊತ್ತಿಗೆ ಟಿಯಾಂಜಿನ್–ಪುಕೋವ್ ರೈಲು ಅದೇ ಹಾದಿಯ ಸರಕನ್ನು ಎತ್ತಿಕೊಂಡಿತು.

2008ರಲ್ಲಿ ನಾನ್‌ವಾಂಗ್‌ನಲ್ಲಿ ಅಗೆದಾಗ ಕಲ್ಲುದಂಡೆಯೂ ಗುಡಿಗಳ ತಳಪಾಯವೂ ಹೊರಬಂದವು. 2014ರ ಜೂನ್‌ನಲ್ಲಿ ದೋಹಾದ ಸಭೆಯಲ್ಲಿ ಯುನೆಸ್ಕೊ ಮಹಾ ಕಾಲುವೆಯನ್ನು ವಿಶ್ವ ಪರಂಪರೆಗೆ ಸೇರಿಸಿತು: 27 ಕಾಲುವೆ ತುಂಡು, 58 ತಾಣ, ಅವುಗಳಲ್ಲಿ ನಾನ್‌ವಾಂಗ್ ಕೂಡ. ಜೀನಿಂಗ್‌ನಿಂದ ದಕ್ಷಿಣಕ್ಕೆ ಕಾಲುವೆಯಲ್ಲಿ ಇಂದಿಗೂ ಸರಕು ದೋಣಿಗಳ ಸಾಲು ಓಡುತ್ತದೆ.

ದಕ್ಷಿಣದ ನೀರನ್ನು ಉತ್ತರಕ್ಕೆ ಒಯ್ಯುವ ಯೋಜನೆಯ ಪೂರ್ವ ಮಾರ್ಗ 2013ರ ನವೆಂಬರ್‌ನಲ್ಲಿ ಶುರುವಾದಾಗ ಅದೇ ಉಬ್ಬು ಮತ್ತೆ ಎದುರಾಯಿತು. ಈಗ ನೆತ್ತಿ ಎಂದರೆ ದಾಯ್‌ಚುನ್ ಒಡ್ಡು ದಾಟಿ ಬರುವ ವೆನ್ ನೀರು ಸೇರುವ ದೋಂಗ್‌ಪಿಂಗ್ ಸರೋವರ. ಯಾಂಗ್‌ಟ್ಸಿಯ ನೀರನ್ನು 13 ಹಂತದ ಪಂಪುಗಳು ಸುಮಾರು 65 ಮೀಟರ್ ಎತ್ತಿ ಅಲ್ಲಿಗೆ ತರುತ್ತವೆ. ಅಲ್ಲಿ ನೀರು ಎರಡಾಗಿ, ಒಂದು ಪಾಲು ಹಳದಿ ನದಿಯ ಅಡಿಯ ಸುರಂಗದಲ್ಲಿ ಉತ್ತರಕ್ಕೆ, ಇನ್ನೊಂದು ಪೂರ್ವಕ್ಕೆ ಜಿಯಾವ್‌ಡೋಂಗ್ ಕಡೆಗೆ ಹೋಗುತ್ತದೆ. ಮಿಂಗ್ ಕಾಲದಲ್ಲಿ ಹೂಳೆತ್ತುವ ಕೂಲಿಯಾಗಿದ್ದ ಖರ್ಚು ಈಗ ಪಂಪು ನಡೆಸುವ ಕರೆಂಟಿನ ಬಿಲ್ಲಾಗಿದೆ.